ಸನ್ಹೇರೀಬ ಗೆದ್ದನೇ, ಸೋತನೇ? ಶಾಸನ ಒಂದು ಹೇಳುತ್ತದೆ, ಬೈಬಲ್ ಇನ್ನೊಂದು ಹೇಳುತ್ತದೆ ಎನ್ನುವವರಿಗೆ

ಪ್ರಶ್ನೆ: ಸರ್, ನಾನು ಧಾರವಾಡದಲ್ಲಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭಾನುವಾರ ನಮ್ಮ ಚರ್ಚಿನ ದೊಡ್ಡ ಮಕ್ಕಳಿಗೆ ಸಂಡೇಸ್ಕೂಲ್ ಪಾಠವೂ ನನ್ನದೇ. ಅಶ್ಶೂರದ ಅರಸ ಸನ್ಹೇರೀಬ ಯೆರೂಸಲೇಮಿಗೆ ಮುತ್ತಿಗೆ ಹಾಕಿದ್ದು, ಯೆಹೂದದ ಅರಸ ಹಿಜ್ಕೀಯ ಪ್ರಾರ್ಥಿಸಿದ್ದು, ಒಂದೇ ರಾತ್ರಿ 1,85,000 ಸೈನಿಕರು ಸತ್ತದ್ದು, ಇಷ್ಟು ಪಾಠ ಮುಗಿಸಿದ್ದೆ. ಒಬ್ಬ ಹುಡುಗ ಮೊಬೈಲಿನಲ್ಲಿ ವಿಡಿಯೊ ತೋರಿಸಿದ. ಲಂಡನ್ನಿನ ಮ್ಯೂಸಿಯಮ್ಮಿನಲ್ಲಿರುವ ಶಾಸನದಲ್ಲಿ ಸನ್ಹೇರೀಬನೇ ಗೆದ್ದನೆಂದು ಬರೆದಿದೆಯಂತೆ, ಬೈಬಲ್ ಸೋಲನ್ನು ಮುಚ್ಚಿಟ್ಟಿದೆಯಂತೆ. ಮಾರನೇ ದಿನ ಅವನ ತಾಯಿ ವಾಟ್ಸಾಪಿನಲ್ಲಿ ಇನ್ನೊಂದು ಕಳಿಸಿದರು: ದೇವದೂತ ಕೊಂದ ಸೈನಿಕರ ಎಲುಬು ಯೆಹೂದದ ಲಾಕೀಷ್ ಎಂಬ ಊರಿನಲ್ಲಿ ರಾಶಿರಾಶಿ ಸಿಕ್ಕಿವೆ, ಎಲ್ಲ ಸಾಬೀತಾಯಿತು ಅಂತ. ಹಿಜ್ಕೀಯ ಕೊಟ್ಟ ಬೆಳ್ಳಿ ಬೈಬಲಿನಲ್ಲಿ 300 ತಲಾಂತು, ಶಾಸನದಲ್ಲಿ 800 ಅನ್ನುತ್ತಾರೆ. ಮಕ್ಕಳಿಗೆ ಸುಳ್ಳು ಹೇಳಲಾರೆ, ಅವರ ನಂಬಿಕೆ ಕದಡುವ ಮನಸ್ಸೂ ಇಲ್ಲ. ಏನು ಹೇಳಲಿ?

ಉತ್ತರ: ವಿಡಿಯೊ ಮತ್ತು ವಾಟ್ಸಾಪ್ ಸಂದೇಶ, ಎರಡನ್ನೂ ಪಕ್ಕಕ್ಕಿಡಿ. ಒಂದು ಶಾಸನವನ್ನು ಪೂರ್ತಿ ಓದಿಲ್ಲ, ಇನ್ನೊಂದು ಎಲುಬುಗಳನ್ನು ಸರಿಯಾಗಿ ನೋಡಿಲ್ಲ. ನಿಮ್ಮ ಆತಂಕದೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ಯೆರೂಸಲೇಮ್ ಬಿತ್ತೇ ಇಲ್ಲವೇ? ಅಂಕಿಗಳು ಏಕೆ ತಾಳೆಯಾಗುವುದಿಲ್ಲ? ಸೈನ್ಯ ಏಕೆ ಹಿಂದಿರುಗಿತು? ಮೊದಲನೆಯದಕ್ಕೆ ಖಚಿತ ಉತ್ತರವಿದೆ. ಎರಡನೆಯದಕ್ಕೆ ಅರ್ಧ ಉತ್ತರವಿದೆ. ಮೂರನೆಯದಕ್ಕೆ ಇತಿಹಾಸಕಾರರ ಬಳಿ ಊಹೆಗಳಿವೆಯೇ ಹೊರತು ಉತ್ತರವಿಲ್ಲ. ಮೂರನ್ನೂ ಒಂದೇ ಉಸಿರಿನಲ್ಲಿ ಕೇಳಿದಾಗಲೇ ಗೊಂದಲವಾಗುವುದು.

ಮೊದಲು ಹಿನ್ನೆಲೆ ಸ್ವಲ್ಪ. ಇತಿಹಾಸದ ಪುಸ್ತಕಗಳಲ್ಲಿ ಅಸ್ಸೀರಿಯ ಎಂದು ಬರುವ ಅಶ್ಶೂರಕ್ಕೆ ಯೆಹೂದ ಕಪ್ಪ ಕೊಡುವ ಪುಟ್ಟ ರಾಜ್ಯ. ಕ್ರಿ.ಪೂ. 705ರಲ್ಲಿ ಸನ್ಹೇರೀಬನ ತಂದೆ ಎರಡನೇ ಸಾರ್ಗೋನ್ ರಣರಂಗದಲ್ಲಿ ಸತ್ತ, ಹೆಣವೂ ಸಿಗಲಿಲ್ಲ. ದೊಡ್ಡ ದೊರೆ ಹಾಗೆ ಸತ್ತರೆ ಸಾಮಂತರು ಸುಮ್ಮನಿರುತ್ತಾರೆಯೇ? ಬಾಬಿಲೋನಿನಿಂದ ಮೆಡಿಟರೇನಿಯನ್ ಕರಾವಳಿಯವರೆಗೆ ದಂಗೆ ಎದ್ದಿತು. ಹಿಜ್ಕೀಯ ಬರೀ ಕಪ್ಪ ನಿಲ್ಲಿಸಿ ಕೂರಲಿಲ್ಲ. ಫಿಲಿಷ್ಟಿಯರ ಊರಾದ ಎಕ್ರೋನಿನ ಜನ ಅಶ್ಶೂರಕ್ಕೆ ನಿಷ್ಠನಾಗಿದ್ದ ತಮ್ಮ ಅರಸ ಪಾದಿಯನ್ನು ಬೇಡಿ ತೊಡಿಸಿ ಹಿಜ್ಕೀಯನ ಕೈಗೆ ಒಪ್ಪಿಸಿದರು, ಇವನು ಸೆರೆಯಲ್ಲಿಟ್ಟುಕೊಂಡ ಎಂದು ಸನ್ಹೇರೀಬನ ಶಾಸನ ದೂರುತ್ತದೆ. ಹಿಜ್ಕೀಯ ಫಿಲಿಷ್ಟಿಯರನ್ನು ಗಾಜಾದವರೆಗೂ ಹೊಡೆದ ಎಂದು 2 ಅರಸುಗಳು 18:8 ಹೇಳುತ್ತದೆ. ಎರಡೂ ಒಂದಕ್ಕೊಂದು ಹೊಂದುತ್ತವೆ. ಅಂದರೆ ಅವನು ಆ ಕಡೆಯ ಬಂಡಾಯಗಾರರಲ್ಲಿ ಮುಂದಾಳು. 701ರಲ್ಲಿ ದಂಡು ಬಂದದ್ದು ಅದಕ್ಕೇ.

ಈಗ ಆ ಶಾಸನ. ಸನ್ಹೇರೀಬನ ರಾಜಧಾನಿ ನಿನೆವೆಯ ದಿಬ್ಬದಲ್ಲಿ 1830ರಲ್ಲಿ ಸಿಕ್ಕ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಟೇಲರ್ ಪ್ರಿಸಂ ಅದು. ಆರು ಮುಖಗಳ ಸುಟ್ಟ ಮಣ್ಣಿನ ಕಂಬ, ಎತ್ತರ ಸುಮಾರು 38 ಸೆಂ.ಮೀ. ಆರೂ ಮುಖಗಳ ತುಂಬ ಉಗುರಿನಿಂದ ಗೀಚಿದಂತಿರುವ ಒತ್ತಾದ ಬೆಣೆಲಿಪಿ. ಅದರ ಕಾಲ ಕ್ರಿ.ಪೂ. 691, ಅಂದರೆ ದಂಡಯಾತ್ರೆಯ ಹತ್ತು ವರ್ಷದ ಮೇಲಿನದು. ಇದೇ ಪಾಠದ ಇನ್ನೆರಡು ಪ್ರಿಸಂಗಳು ಚಿಕಾಗೋದಲ್ಲಿ, ಯೆರೂಸಲೇಮಿನಲ್ಲಿ ಇವೆ. ಇವೆಲ್ಲಕ್ಕಿಂತ ಹಳೆಯದು ರಸ್ಸಾಮ್ ಸಿಲಿಂಡರ್, ಕ್ರಿ.ಪೂ. 700ರದು. ಯುದ್ಧದ ಧೂಳು ಆರುವ ಮೊದಲೇ ಬರೆಸಿದ್ದು ಎನ್ನಬಹುದು.

ಪ್ರಿಸಂನಲ್ಲಿ ಸನ್ಹೇರೀಬ ಹೇಳುವುದೇನು? ಹಿಜ್ಕೀಯನ ಕೋಟೆಯುಳ್ಳ 46 ಪಟ್ಟಣಗಳನ್ನು, ಲೆಕ್ಕವಿಲ್ಲದಷ್ಟು ಹಳ್ಳಿಗಳನ್ನು ಹಿಡಿದೆ. 2,00,150 ಜನರನ್ನು ಹೊರಡಿಸಿ ತಂದೆ. ಅವನನ್ನು ಅವನ ರಾಜಧಾನಿ ಯೆರೂಸಲೇಮಿನಲ್ಲೇ ಪಂಜರದ ಹಕ್ಕಿಯಂತೆ ಕೂಡಿಹಾಕಿದೆ. ಸುತ್ತ ಠಾಣ್ಯ ಕಟ್ಟಿ ಊರ ಬಾಗಿಲಿನಿಂದ ಯಾರೂ ಹೊರಬರದಂತೆ ಮಾಡಿದೆ. ಅವನ ನಾಡನ್ನು ಕತ್ತರಿಸಿ ಅಷ್ಡೋದ್, ಎಕ್ರೋನ್, ಗಾಜಾದ ಅರಸರಿಗೆ ಹಂಚಿದೆ. ಕಪ್ಪ ಹೆಚ್ಚಿಸಿದೆ.

‘ಯೆರೂಸಲೇಮನ್ನು ಹಿಡಿದೆ’ ಎಂಬ ಮಾತು ಎಲ್ಲೂ ಇಲ್ಲ. ಇದೇ ಶಾಸನದಲ್ಲಿ ಬೇರೆ ಊರುಗಳ ವಿಷಯ ಬಂದಾಗ ‘ಮುತ್ತಿದೆ, ಹಿಡಿದೆ, ಸೂರೆ ಮಾಡಿದೆ’ ಎಂದು ಲೆಕ್ಕಿಗನಂತೆ ಒಪ್ಪಿಸುವ ಬರಹಗಾರ ಯೆರೂಸಲೇಮಿನ ಮುಂದೆ ಬಂದಾಗ ಉಪಮೆಗೆ ಜಾರುತ್ತಾನೆ. ಈ ಹಕ್ಕಿಯ ಮಾತು ಹೊಸದೂ ಅಲ್ಲ. ಮೂರು ದಶಕಗಳ ಹಿಂದೆ ಮೂರನೇ ತಿಗ್ಲತ್ಪಿಲೆಸೆರ್ ದಮಸ್ಕದ ಅರಸನನ್ನು ಕುರಿತು ಇದನ್ನೇ ಬರೆಸಿದ್ದ. ಆ ದಂಡಯಾತ್ರೆಯಲ್ಲೂ ದಮಸ್ಕ ಕೂಡಲೇ ಬಿದ್ದಿರಲಿಲ್ಲ. ಅಶ್ಶೂರದ ಆಸ್ಥಾನದವರು ಕೈಗೆ ಬಾರದ ಊರಿಗೆ ಇಟ್ಟುಕೊಂಡಿದ್ದ ಸಿದ್ಧ ಮಾತು ಇದು.

ಅದಕ್ಕಿಂತ ದೊಡ್ಡ ಸುಳಿವು ಅರಸರ ಗತಿ. ಚೀದೋನಿನ ಲೂಲಿ ಸಮುದ್ರ ದಾಟಿ ಓಡಿದ. ಅಷ್ಕೆಲೋನಿನ ಸಿದ್ಕನನ್ನು ಮನೆಮಂದಿ ಸಮೇತ ಅಶ್ಶೂರಕ್ಕೆ ಸಾಗಿಸಿದರು. ಎಕ್ರೋನಿನ ತಪ್ಪಿತಸ್ಥ ಅಧಿಕಾರಿಗಳ ಹೆಣಗಳನ್ನು ಊರ ಸುತ್ತ ಗೂಟಗಳಿಗೆ ತೂಗುಹಾಕಿದರು. ದಂಗೆಯ ಮುಂದಾಳು ಹಿಜ್ಕೀಯ ಮಾತ್ರ ಸಿಂಹಾಸನದಲ್ಲೇ ಉಳಿದ. ಕಪ್ಪವೂ ಅಷ್ಟೇ, ದೊರೆಯ ಪಾಳೆಯಕ್ಕೆ ಬಂದು ಸೇರಲಿಲ್ಲ, ‘ನನ್ನ ಹಿಂದೆ ನಿನೆವೆಗೆ ಕಳುಹಿಸಿದ’ ಎಂದಿದೆ. ಗೆದ್ದ ದೊರೆ ಖಜಾನೆಯ ಬಾಗಿಲಲ್ಲೇ ನಿಂತು ತೂಗಿಸಿಕೊಳ್ಳುವವನು. ಆದ್ದರಿಂದ ವಿಡಿಯೊದವರ ಮೊದಲ ಮಾತು ನಿಲ್ಲುವುದಿಲ್ಲ. ಯೆರೂಸಲೇಮ್ ಬೀಳಲಿಲ್ಲ ಎನ್ನುವುದಕ್ಕೆ ಅಶ್ಶೂರದವರೇ ಸಾಕ್ಷಿ. ಅಲ್ಲಿನ ಉತ್ಖನನಗಳಲ್ಲೂ 701ರ ಸುಟ್ಟ ಪದರ ಸಿಕ್ಕಿಲ್ಲ.

‘ಬೈಬಲ್ ಸೋಲನ್ನು ಮುಚ್ಚಿಟ್ಟಿದೆ’ ಎಂಬ ಎರಡನೇ ಆರೋಪಕ್ಕೆ ಬರೋಣ. ಮನೆಯಲ್ಲಿರುವ ಸತ್ಯವೇದವನ್ನೇ ತೆಗೆದು 2 ಅರಸುಗಳು 18:13ರಿಂದ 16 ಓದಿ. ಸನ್ಹೇರೀಬ ಯೆಹೂದದ ಕೋಟೆಕೊತ್ತಲದ ಊರುಗಳನ್ನೆಲ್ಲ ಹಿಡಿದ. ಹಿಜ್ಕೀಯ ಲಾಕೀಷಿಗೆ ದೂತರನ್ನು ಕಳುಹಿಸಿ ‘ತಪ್ಪು ಮಾಡಿದೆ, ಹಿಂದಿರುಗಿ ಹೋಗು, ಹೇಳಿದ್ದನ್ನು ಕೊಡುತ್ತೇನೆ’ ಎಂದ. ದೇವಾಲಯದ ಬಾಗಿಲುಗಳ ಬಂಗಾರದ ತಗಡನ್ನೇ ಕಿತ್ತು ಕೊಟ್ಟ. ಇದಕ್ಕಿಂತ ಬಿಚ್ಚು ಮಾತಿನಲ್ಲಿ ಸೋಲನ್ನು ಯಾವ ರಾಜವಂಶದ ಕಥೆಯೂ ಒಪ್ಪಿಕೊಂಡಿರುವುದು ಅಪರೂಪ.

ಆದರೆ ಈಗ ಯೆಶಾಯ 36 ತೆಗೆಯಿರಿ. ಅದೇ ಕಥೆ, ಬಹುತೇಕ ಅವೇ ಮಾತುಗಳು. ಮೊದಲ ವಚನದಲ್ಲಿ ಸನ್ಹೇರೀಬ ಊರುಗಳನ್ನು ಹಿಡಿಯುತ್ತಾನೆ, ಎರಡನೆಯದರಲ್ಲಿ ಅವನ ಅಧಿಕಾರಿ ರಬ್ಷಾಕೆ ಯೆರೂಸಲೇಮಿನ ಕಾಲುವೆಯ ಬಳಿ ನಿಂತಿದ್ದಾನೆ. ನಡುವಿನ ಶರಣಾಗತಿ, ಬೆಳ್ಳಿ, ಬಂಗಾರ ಮಾಯ. 2 ಪೂರ್ವಕಾಲವೃತ್ತಾಂತ 32ರಲ್ಲಿಯೂ ಕಪ್ಪದ ಸುದ್ದಿಯಿಲ್ಲ. ಅದರ ಬದಲು ಹಿಜ್ಕೀಯ ಊರಾಚೆಯ ಒರತೆಗಳನ್ನು ಮುಚ್ಚಿಸಿದ್ದು, ಗೋಡೆ ಕಟ್ಟಿಸಿದ್ದು ವಿವರವಾಗಿದೆ. ಸತ್ತವರ ಸಂಖ್ಯೆಯನ್ನೂ ಅದು ಕೊಡುವುದಿಲ್ಲ. ಅಂದರೆ ‘ಬೈಬಲ್ ಏನು ಹೇಳುತ್ತದೆ’ ಎಂಬ ಪ್ರಶ್ನೆಗೇ ಒಂದು ಉತ್ತರವಿಲ್ಲ, ಮೂರು ನಿರೂಪಣೆಗಳಿವೆ. 2 ಅರಸುಗಳಲ್ಲೂ ಕಪ್ಪದ ನಾಲ್ಕು ವಚನಗಳು ದಫ್ತರದಿಂದ ಎತ್ತಿಕೊಂಡಂತೆ ಚುಟುಕಾಗಿವೆ. ಅವುಗಳ ಮುಂದಿನದು ಸಂಭಾಷಣೆ, ಪ್ರವಾದನೆ ತುಂಬಿದ ಬೇರೆಯೇ ಬಗೆಯ ಬರಹ. ಎರಡು ಮೂಲಗಳನ್ನು ಸೇರಿಸಿ ಹೊಲಿದದ್ದು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನನಗೂ ಹಾಗೆಯೇ ಕಾಣುತ್ತದೆ.

ಆ ರಬ್ಷಾಕೆಯ ಭಾಷಣವನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿಸಿ. ಪ್ರಾಚೀನ ಯುದ್ಧದಲ್ಲಿ ಬಾಯಿ ಹೇಗೆ ಆಯುಧವಾಗುತ್ತಿತ್ತು ಎಂಬುದು ಅಷ್ಟು ಹತ್ತಿರದಿಂದ ಬೇರೆಲ್ಲೂ ಕಾಣಸಿಗುವುದಿಲ್ಲ. ಐಗುಪ್ತ (ಈಜಿಪ್ಟ್) ಮುರಿದ ಜೊಂಡಿನ ಊರುಗೋಲು, ಊರಿದರೆ ನಿಮ್ಮ ಕೈಗೇ ಚುಚ್ಚುತ್ತದೆ ಎನ್ನುತ್ತಾನೆ. ಎರಡು ಸಾವಿರ ಕುದುರೆ ಕೊಡುತ್ತೇನೆ, ಹತ್ತಿಸಲು ಸವಾರರಿದ್ದಾರೆಯೇ ಎಂದು ಹಂಗಿಸುತ್ತಾನೆ. ಹಿಜ್ಕೀಯನ ಅಧಿಕಾರಿಗಳು ‘ದಯವಿಟ್ಟು ಅರಾಮ್ಯ ಭಾಷೆಯಲ್ಲಿ ಮಾತಾಡು, ಗೋಡೆಯ ಮೇಲಿನ ಜನಕ್ಕೆ ಕೇಳಿಸುತ್ತದೆ’ ಎಂದು ಬೇಡಿಕೊಂಡರೆ, ಅವನು ಬೇಕೆಂದೇ ಯೆಹೂದ್ಯರ ಭಾಷೆಯಲ್ಲಿ ಕೂಗುತ್ತಾನೆ. ಮಾತುಗಳು ಹೀಗೆಯೇ ಇದ್ದವೇ ಎಂದು ಪರೀಕ್ಷಿಸಲಾಗದು. ಆದರೆ ಅಶ್ಶೂರದ ಅಧಿಕಾರಿಗಳು ಊರ ಬಾಗಿಲಿಗೆ ಹೋಗಿ ಜನರನ್ನೇ ಅರಸನ ವಿರುದ್ಧ ಎತ್ತಿಕಟ್ಟುತ್ತಿದ್ದುದು ಅವರದೇ ಪತ್ರಗಳಿಂದ ತಿಳಿದಿದೆ.

ಎರಡೂ ಕಡೆಯವರು ಬಾಯಿಬಿಡದ ಜಾಗಗಳನ್ನು ತುಂಬುವುದು ಮೂರನೇ ಸಾಕ್ಷಿ, ಲಾಕೀಷ್. ವಿಚಿತ್ರವೆಂದರೆ, ಪ್ರಿಸಂನಲ್ಲಿ ಲಾಕೀಷಿನ ಹೆಸರೇ ಇಲ್ಲ. ಬೈಬಲಿನಲ್ಲಿ ಅದು ಸನ್ಹೇರೀಬ ಬೀಡುಬಿಟ್ಟ ಊರಾಗಿ ಬಂದುಹೋಗುತ್ತದೆ ಅಷ್ಟೆ. ಆದರೆ ನಿನೆವೆಯ ತನ್ನ ಅರಮನೆಯ ಒಂದು ಕೋಣೆಯ ಗೋಡೆಗಳನ್ನೇ ಸನ್ಹೇರೀಬ ಲಾಕೀಷಿನ ಉಬ್ಬುಶಿಲ್ಪಕ್ಕೆ ಬಿಟ್ಟುಕೊಟ್ಟ. ಹತ್ತೊಂಬತ್ತನೇ ಶತಮಾನದಲ್ಲಿ ಆಸ್ಟಿನ್ ಹೆನ್ರಿ ಲೇಯರ್ಡ್ ಅಗೆದು ತೆಗೆದ ಆ ಕಲ್ಲುಹಲಗೆಗಳೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಇಳಿಜಾರು ದಿಬ್ಬದ ಮೇಲೆ ಗೋಡೆ ಗುದ್ದುವ ಯಂತ್ರಗಳು ಏರುತ್ತಿವೆ. ಮೇಲಿನಿಂದ ಉರಿಯುವ ಪಂಜುಗಳು ಬೀಳುತ್ತಿವೆ, ಯಂತ್ರಕ್ಕೆ ಬೆಂಕಿ ಹತ್ತದಂತೆ ಒಬ್ಬ ಸೈನಿಕ ಉದ್ದ ಹಿಡಿಯ ಸೌಟಿನಿಂದ ನೀರು ಸುರಿಯುತ್ತಿದ್ದಾನೆ. ಪಕ್ಕದಲ್ಲೇ ಗೂಟಕ್ಕೆ ಚುಚ್ಚಿ ನಿಲ್ಲಿಸಿದ ಮೂವರು. ಇನ್ನೊಂದು ಕಡೆ ಎತ್ತಿನ ಗಾಡಿಯಲ್ಲಿ ಗಂಟುಮೂಟೆ, ಅದರ ಮೇಲೆ ಕುಳಿತ ಹೆಂಗಸರು ಮಕ್ಕಳು. ಕೊನೆಯಲ್ಲಿ ಸಿಂಹಾಸನದ ಮೇಲೆ ಸನ್ಹೇರೀಬ, ಮುಂದೆ ಲಾಕೀಷಿನ ಸೂರೆ ಸಾಗುತ್ತಿದೆ ಎಂದು ಕೆತ್ತಿದ ಸಾಲುಗಳು. ಅವನ ಮುಖವನ್ನು ಮುಂದೆ ಯಾರೋ ಬೇಕೆಂದೇ ಜಜ್ಜಿಹಾಕಿದ್ದಾರೆ.

ರಾಜಧಾನಿಯನ್ನೇ ಹಿಡಿದಿದ್ದರೆ ಕೋಣೆಯ ಗೋಡೆ ಯಾವ ಊರಿಗೆ ಮೀಸಲಾಗುತ್ತಿತ್ತು ಎಂದು ಯೋಚಿಸಿ.

ಸ್ಥಳದಲ್ಲಿ ನಡೆದ ಉತ್ಖನನಗಳು, ಅದರಲ್ಲೂ 1970ರ ದಶಕದಿಂದ ಡೇವಿಡ್ ಉಸ್ಸಿಷ್ಕಿನ್ ನಡೆಸಿದವು, ಈ ಶಿಲ್ಪಕ್ಕೆ ಪೂರಕವಾಗಿವೆ. ಊರಿನ ನೈರುತ್ಯ ಮೂಲೆಯಲ್ಲಿ ಕಲ್ಲು ಸುರಿದು ಮಾಡಿದ ದಿಬ್ಬ, ಒಳಗಡೆ ರಕ್ಷಕರು ಎದುರಾಗಿ ಎಬ್ಬಿಸಿದ ಇನ್ನೊಂದು ದಿಬ್ಬ, ನೂರಾರು ಬಾಣದ ಮೊನೆಗಳು, ಕವಣೆಕಲ್ಲುಗಳು, ಯಂತ್ರದ ಮೂತಿಯನ್ನು ಸಿಕ್ಕಿಸಿ ಎಳೆಯಲು ಇಳಿಬಿಟ್ಟಿದ್ದಿರಬಹುದಾದ ಕಬ್ಬಿಣದ ಸರಪಳಿಯ ತುಂಡು, ಮತ್ತು ಇಡೀ ಊರಿನ ಮೇಲೆ ದಪ್ಪ ಬೂದಿ.

ಎಲುಬಿನ ಸಂದೇಶ ಹುಟ್ಟಿದ್ದೂ ಇಲ್ಲೇ. 1930ರ ದಶಕದ ಉತ್ಖನನದಲ್ಲಿ ಲಾಕೀಷಿನ ಗುಹೆಗಳಲ್ಲಿ ಸುಮಾರು 1,500 ಜನರ ಅಸ್ಥಿಗಳು ಸಿಕ್ಕಿದ್ದು ನಿಜ. ಅವುಗಳ ಮೇಲೆ ಪ್ರಾಣಿಗಳ, ಅದರಲ್ಲೂ ಹಂದಿಗಳ ಎಲುಬಿನ ಪದರವಿತ್ತು. ಹಂದಿ ಎಂದರೆ ಯೆಹೂದ್ಯರಲ್ಲ, ಹಾಗಾದರೆ ಅಶ್ಶೂರದ ಸೈನಿಕರೇ ಎಂಬ ಊಹೆಯೂ ಆಗಲೇ ಹುಟ್ಟಿತು. ಆದರೆ ಆ ರಾಶಿಯಲ್ಲಿ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ದಂಡಿನ ಸೈನಿಕರಲ್ಲ, ಊರಿನ ಜನ. ಮುತ್ತಿಗೆಯಲ್ಲಿ ಸತ್ತವರನ್ನು ಆಮೇಲೆ ತಂದು ಗುಹೆಗೆ ಹಾಕಿದ್ದಿರಬೇಕು ಎಂಬುದೇ ಹೆಚ್ಚು ಒಪ್ಪುವ ವಿವರಣೆ. ಕೊಲೆಯಾದ ಕೂಸುಗಳನ್ನು ‘ದೇವದೂತ ಕೊಂದ ಶತ್ರುಗಳು’ ಎಂದು ಫಾರ್ವರ್ಡ್ ಮಾಡುವುದು ನನಗೆ ಬರೀ ತಪ್ಪಾಗಿ ಕಾಣುವುದಿಲ್ಲ, ಸಂಕಟವಾಗುತ್ತದೆ. ಆ ತಾಯಿಗೆ ಇದನ್ನು ಮೆತ್ತಗೆ ಹೇಳಿ.

ಅಂಕಿಗಳಿಗೆ ಬಂದರೆ, ಬಂಗಾರ ಎರಡೂ ಕಡೆ 30 ತಲಾಂತು. ಒಂದು ತಲಾಂತು ಸುಮಾರು 30 ಕೆ.ಜಿ. ಪರಸ್ಪರ ಶತ್ರುಗಳಾದ ಎರಡು ಆಸ್ಥಾನಗಳ ಬರಹಗಳು ಒಂದು ಅಂಕಿಯಲ್ಲಿ ಹೀಗೆ ಕೂಡಿಬರುವುದೇ ದೊಡ್ಡದು. ಬೆಳ್ಳಿಯ 300–800ರ ಅಂತರಕ್ಕೆ ತೂಕದ ಕ್ರಮ ಬೇರೆಯಿತ್ತು, ಅಶ್ಶೂರದವರು ಇತರ ಸಾಮಾನಿನ ಬೆಲೆಯನ್ನೂ ಸೇರಿಸಿದರು, ಉಬ್ಬಿಸಿದರು ಎಂದು ನಾನಾ ವಿವರಣೆಗಳಿವೆ. ಯಾವುದಕ್ಕೂ ಪುರಾವೆಯಿಲ್ಲ. 2,00,150 ಜನರ ಸೆರೆಯನ್ನಂತೂ ಅಕ್ಷರಶಃ ನಂಬುವವರು ಕಡಿಮೆ. ಯೆಹೂದದ ಒಟ್ಟು ಜನಸಂಖ್ಯೆಯೇ ಅಷ್ಟಿರಲಿಲ್ಲ ಎಂಬುದು ಬಹಳಷ್ಟು ಪುರಾತತ್ವಜ್ಞರ ಅಂದಾಜು. ಆದ್ದರಿಂದ 1,85,000ದ ಮೇಲೆ ಅನುಮಾನಪಡುವ ವಿದ್ಯಾರ್ಥಿ ಶಾಸನದ ಅಂಕಿಯ ಮೇಲೂ ಅಷ್ಟೇ ಅನುಮಾನಪಡಬೇಕು. ಕಲ್ಲಿನ ಮೇಲೋ ಮಣ್ಣಿನ ಮೇಲೋ ಇದ್ದ ಮಾತ್ರಕ್ಕೆ ನಿಜವಾಗುವುದಿಲ್ಲ.

ನಮ್ಮ ಶಾಸನಗಳನ್ನು ಓದಿಸುವಾಗ ಇದನ್ನೇ ಹೇಳುತ್ತಿದ್ದೆ. ಬಾದಾಮಿಯ ಒಂದನೇ ವಿಕ್ರಮಾದಿತ್ಯ ಪಲ್ಲವರನ್ನು ಸದೆಬಡಿದು ಕಾಂಚಿ ಹಿಡಿದನೆಂದೂ ಕಾವೇರಿಯ ತೆಂಕಣ ದಡದಲ್ಲಿ ಬೀಡುಬಿಟ್ಟನೆಂದೂ ಕ್ರಿ.ಶ. 674ರ ಗದ್ವಾಲ್ ತಾಮ್ರಶಾಸನ ಸಾರುತ್ತದೆ. ಲಕ್ಷಗಟ್ಟಲೆ ಸೈನ್ಯವಿದ್ದ ಅದೇ ವಿಕ್ರಮಾದಿತ್ಯ ಹರಕು ಬಟ್ಟೆ ಸುತ್ತಿಕೊಂಡು ಒಬ್ಬನೇ ಓಡಿಹೋದ ಎನ್ನುತ್ತದೆ ಪಲ್ಲವ ಪರಮೇಶ್ವರವರ್ಮನ ಕೂರಂ ತಾಮ್ರಶಾಸನ. ಇಲ್ಲಿ ಯಾರೂ ‘ಒಂದು ನಿಜ, ಇನ್ನೊಂದು ಸುಳ್ಳು’ ಎನ್ನುವುದಿಲ್ಲ. ಯುದ್ಧದ ಯಾವ ಘಟ್ಟವನ್ನು ಯಾರು ಹೇಳಿಕೊಂಡರು, ಯಾವುದನ್ನು ನುಂಗಿದರು ಎಂದು ನೋಡುತ್ತೇವೆ. ಸನ್ಹೇರೀಬನಿಗೂ ಹಿಜ್ಕೀಯನಿಗೂ ಅದೇ ನ್ಯಾಯ.

ಇನ್ನು ಸೈನ್ಯ ಹಿಂದಿರುಗಿದ್ದೇಕೆ? ಅಶ್ಶೂರದ ದಾಖಲೆಗಳಲ್ಲಿ ಯಾವ ದುರಂತದ ಸುಳಿವೂ ಇಲ್ಲ. ಇರುತ್ತದೆಂದು ನಿರೀಕ್ಷಿಸುವಂತೆಯೂ ಇಲ್ಲ, ಯಾಕೆಂದರೆ ಅವರು ಸೋಲು ಬರೆಸುವವರಲ್ಲ. ಪ್ಲೇಗು ಬಂದಿತ್ತು, ಅದು ಸಾಬೀತಾಗಿದೆ ಎಂದು ಕೆಲವರು ಖಚಿತವಾಗಿ ಹೇಳುವುದನ್ನು ಕೇಳಿರುತ್ತೀರಿ. ಅದರ ಒಂದು ಮೂಲ ಗ್ರೀಕ್ ಇತಿಹಾಸಕಾರ ಹೆರೊಡೊಟಸ್. ಎರಡೂವರೆ ಶತಮಾನದ ಮೇಲೆ ಅವನು ಐಗುಪ್ತದಲ್ಲಿ ಕೇಳಿದ ಕಥೆಯಲ್ಲಿ, ಪೆಲೂಸಿಯಂ ಬಳಿ ಇಲಿಗಳು ರಾತ್ರೋರಾತ್ರಿ ಸನ್ಹೇರೀಬನ ಸೈನ್ಯದ ಬತ್ತಳಿಕೆ, ಬಿಲ್ಲು, ಗುರಾಣಿಯ ಹಿಡಿಗಳನ್ನು ಕಡಿದುಹಾಕುತ್ತವೆ. ಯೆರೂಸಲೇಮ್ ಅದರಲ್ಲಿಲ್ಲ, ರೋಗವೂ ಇಲ್ಲ. ರೋಗದ ಮಾತು ಬರುವುದು ಕ್ರಿ.ಶ. ಒಂದನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸನಲ್ಲಿ. ‘ಇಲಿ ಅಂದರೆ ಪ್ಲೇಗು’ ಎಂದು ಇವೆರಡನ್ನೂ ಜೋಡಿಸಿದ್ದು ಆಧುನಿಕರು. ದಂಡಿನಲ್ಲಿ ರೋಗ ಹಬ್ಬುವುದು ಅಸಾಧ್ಯವೇನಲ್ಲ. ಆದರೆ ಅಸಾಧ್ಯವಲ್ಲ ಎಂಬುದು ಸಾಬೀತಾದಂತಲ್ಲ.

ಇತರ ಕಾರಣಗಳೂ ಇವೆ. ಎಲ್ತೆಕೇ ಬಳಿ ಐಗುಪ್ತ ಮತ್ತು ಅದರ ತೆಂಕಣದ ಕೂಷ್ ನಾಡಿನ ಪಡೆಯೊಡನೆ ಕಾಳಗವಾಗಿತ್ತು, ಗೆದ್ದೆ ಎಂದು ಸನ್ಹೇರೀಬ ಹೇಳಿಕೊಳ್ಳುತ್ತಾನೆ. 700ರಲ್ಲಿ ಅವನು ಮತ್ತೆ ಬಾಬಿಲೋನಿನ ಕಡೆ ದಂಡೆತ್ತಬೇಕಾಯಿತು. ಹಿಜ್ಕೀಯ ಕಪ್ಪಕ್ಕೆ ಒಪ್ಪಿ, ಅವನ ನಾಡು ಪರರ ಪಾಲಾದ ಮೇಲೆ ಬೆಟ್ಟದ ಮೇಲಿನ ಭದ್ರ ಊರಿಗಾಗಿ ತಿಂಗಳುಗಟ್ಟಲೆ ಕೂರುವ ದರ್ದು ಏನಿತ್ತು? ನನ್ನ ಒಲವು ಈ ಕಡೆ. ಕೆಲಸ ಬಹುಪಾಲು ಮುಗಿದಿತ್ತು, ಇನ್ನೊಂದು ಕಡೆ ಕೆಲಸ ಕಾದಿತ್ತು. ದೇವದೂತನ ವಿಷಯದಲ್ಲಿ ಇತಿಹಾಸದ ಸಾಧನಗಳಿಗೆ ಹೇಳಲು ಏನೂ ಇಲ್ಲ, ಹೌದೆನ್ನಲೂ ಅಲ್ಲವೆನ್ನಲೂ.

ಮಕ್ಕಳ ಮುಂದೆ ಇದನ್ನು ಇಡಲು ಕೆಲವು ದಾರಿಗಳಿವೆ, ಒಂದೊಂದಕ್ಕೂ ಅದರದೇ ಅಪಾಯವಿದೆ. ಎಲ್ಲ ಬರಹಗಳನ್ನೂ ಸೇರಿಸಿ ಒಂದೇ ಸರಾಗ ಕಥೆ ಮಾಡಬಹುದು: ಮೊದಲು ಕಪ್ಪ, ಸನ್ಹೇರೀಬನ ಮಾತು ತಪ್ಪುವಿಕೆ, ಆಮೇಲೆ ಮುತ್ತಿಗೆ, ಬಿಡುಗಡೆ. ಕಥೆ ಓಡುತ್ತದೆ, ಆದರೆ ಯಾವ ಮೂಲದಲ್ಲೂ ಇಲ್ಲದ ನಾಲ್ಕನೇ ನಿರೂಪಣೆ ನಿಮ್ಮದಾಗುತ್ತದೆ. ಮೊಬೈಲ್ ಹಿಡಿದ ಹುಡುಗ ಹೊಲಿಗೆಯನ್ನು ಕಂಡುಹಿಡಿಯುತ್ತಾನೆ.

ಎರಡನೇ ದಾರಿ ಎರಡು ದಂಡಯಾತ್ರೆಗಳ ಹಳೆಯ ವಾದ. 701ರಲ್ಲಿ ಸೋಲು ಮತ್ತು ಕಪ್ಪ, ಹತ್ತು ಹದಿನೈದು ವರ್ಷದ ಮೇಲೆ ಮತ್ತೊಮ್ಮೆ ಬಂದಾಗ ಅದ್ಭುತ ಬಿಡುಗಡೆ ಎನ್ನುತ್ತದೆ ಅದು. ಇದಕ್ಕೆ ದೊಡ್ಡ ಆಸರೆ ತಿರ್ಹಾಕ. ಸನ್ಹೇರೀಬನ ವಿರುದ್ಧ ದಂಡೆತ್ತಿ ಬಂದ ಅವನನ್ನು ಬೈಬಲ್ ಕೂಷಿನ ಅರಸ ಎನ್ನುತ್ತದೆ, ಆದರೆ ಅವನು ಪಟ್ಟಕ್ಕೆ ಬಂದದ್ದು ಕ್ರಿ.ಪೂ. 690ರಲ್ಲಿ. 701ರಲ್ಲಿ ಅವನಿನ್ನೂ ಬಾಲಕ ಎಂದೂ ಒಂದು ಕಾಲದಲ್ಲಿ ನಂಬಿದ್ದರು. ಆ ಲೆಕ್ಕ ಶಾಸನವನ್ನು ತಪ್ಪಾಗಿ ಓದಿದ್ದರಿಂದ ಬಂದದ್ದು ಎಂದು ಮುಂದೆ ಗೊತ್ತಾಯಿತು. ರಾಜಕುಮಾರನಾಗಿ ದಂಡು ನಡೆಸಿದವನನ್ನು ನಂತರದ ಬರಹಗಾರ ಅರಸ ಎಂದು ಕರೆದಿದ್ದರೆ ಅದರಲ್ಲಿ ವಿಶೇಷವಿಲ್ಲ. ಎರಡನೇ ದಂಡಯಾತ್ರೆಯ ಬಗ್ಗೆ ಅಶ್ಶೂರದ ಒಂದು ಸಾಲೂ ಸಿಕ್ಕಿಲ್ಲ. ಪಾಠದಲ್ಲಿ ಇದನ್ನು ತೀರ್ಮಾನವೆಂದು ಹೇಳಬೇಡಿ.

ಮೂರನೆಯದು ಆ ವಿಡಿಯೊದ ದಾರಿ: ಶಾಸನವೇ ಇತಿಹಾಸ, ಬೈಬಲ್ ಬರೀ ಕಥೆ. ಕೇಳಲು ವೈಜ್ಞಾನಿಕವಾಗಿದೆ. ಆದರೆ ಸನ್ಹೇರೀಬ ಲಾಕೀಷಿನಲ್ಲಿದ್ದುದು, 30 ತಲಾಂತು ಬಂಗಾರ, ಮಕ್ಕಳ ಕೈಯಿಂದಲೇ ಅವನ ಕೊಲೆ, ಇವನ್ನೆಲ್ಲ ಬೈಬಲ್ ಸರಿಯಾಗಿಯೇ ಹೇಳಿದೆ. ಮಗ ದಂಗೆಯೆದ್ದು ಅವನನ್ನು ಕೊಂದ ಎಂದು ಬಾಬಿಲೋನಿನ ವೃತ್ತಾಂತವೂ ದಾಖಲಿಸುತ್ತದೆ. ಆದರೆ ಅದು ನಡೆದದ್ದು 681ರಲ್ಲಿ, ಯೆರೂಸಲೇಮಿನಿಂದ ಹಿಂದಿರುಗಿದ ಇಪ್ಪತ್ತು ವರ್ಷಕ್ಕೆ. ಬೈಬಲಿನ ಓಟದಲ್ಲಿ ಮಾರನೇ ದಿನವೇ ಸತ್ತಂತೆ ಅನ್ನಿಸುತ್ತದೆ, ಇದನ್ನು ಮಕ್ಕಳಿಗೆ ಹೇಳಲೇಬೇಕು.

ನಾನು ನಿಮ್ಮ ಜಾಗದಲ್ಲಿದ್ದರೆ 2 ಅರಸುಗಳು, ಯೆಶಾಯ, ಪೂರ್ವಕಾಲವೃತ್ತಾಂತ, ಪ್ರಿಸಂನ ಅನುವಾದ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸಿ ಹಂಚುತ್ತಿದ್ದೆ. ಯಾವುದರಲ್ಲಿ ಏನಿಲ್ಲ ಎಂದು ಅವರೇ ಗೆರೆ ಹಾಕಲಿ. ಇದಕ್ಕೂ ಅಪಾಯವುಂಟು. ಕೆಲವು ಹಿರಿಯರು ಮಕ್ಕಳ ತಲೆಗೆ ಹುಳ ಬಿಟ್ಟಿರಿ ಎನ್ನಬಹುದು. ಮೊದಲೇ ನಿಮ್ಮ ಪಾದ್ರಿಗಳ ಜತೆ ಕೂತು ಮಾತಾಡಿ. ಹತ್ತು ಹನ್ನೊಂದು ವಯಸ್ಸಿನ ಮಕ್ಕಳಿಗೆ ಇದು ಬೇಡ, ಎಸೆಸೆಲ್ಸಿ ದಾಟಿದವರಿಗೆ ಸಾಕಷ್ಟು ಹಿಡಿಸುತ್ತದೆ. ಯೆಶಾಯ 37:33ರಲ್ಲಿ ಈ ಊರಿನ ಎದುರು ಸನ್ಹೇರೀಬ ದಿಬ್ಬ ಹಾಕಲಾರನು ಎಂದಿದೆ. ಪ್ರಿಸಂನಲ್ಲಿ 46 ಊರುಗಳ ಪ್ರಸ್ತಾಪದಲ್ಲಿ ದಿಬ್ಬಗಳು ಬರುತ್ತವೆ, ಯೆರೂಸಲೇಮಿನ ಪ್ರಸ್ತಾಪದಲ್ಲಿ ಸುತ್ತಲಿನ ಠಾಣ್ಯಗಳು ಮಾತ್ರ. ಇದನ್ನು ನೀವು ಹೇಳಿಕೊಡಬೇಡಿ, ಯಾರಾದರೂ ಹಿಡಿಯುತ್ತಾರೆ ನೋಡಿ.

ಚಿತ್ರ ತೋರಿಸುವುದಾದರೆ ಯೆರೂಸಲೇಮಿನಲ್ಲಿ ನಹ್ಮಾನ್ ಅವಿಗಾದ್ ಅಗೆದು ತೆಗೆದ ಏಳು ಮೀಟರ್ ದಪ್ಪದ ಗೋಡೆಯದನ್ನು ತೋರಿಸಿ. ಅದು ಮನೆಗಳನ್ನು ಕತ್ತರಿಸಿಕೊಂಡೇ ಸಾಗಿದೆ, ಗೋಡೆಗಾಗಿ ಮನೆ ಕೆಡವಿದಿರಿ ಎಂಬ ಯೆಶಾಯ 22:10ನ್ನು ಪಕ್ಕಕ್ಕಿಟ್ಟು ಓದಿಸಬಹುದು. 533 ಮೀಟರ್ ಉದ್ದದ ನೀರಿನ ಸುರಂಗವನ್ನೂ ತೋರಿಸಿ, ಆದರೆ ಒಂದು ಎಚ್ಚರ. ಎರಡು ಕಡೆಯಿಂದ ಕೊರೆಯುತ್ತ ಬಂದವರು ನಡುವೆ ಪರಸ್ಪರರ ದನಿ ಕೇಳಿ ಕೂಡಿಕೊಂಡರೆಂದು ಅದರ ಗೋಡೆಯಲ್ಲಿದ್ದ ಶಾಸನ ಹೇಳುತ್ತದೆ. ಅದು ಈಗ ಇಸ್ತಾಂಬುಲಿನಲ್ಲಿದೆ. ಅದರಲ್ಲಿ ಯಾವ ಅರಸನ ಹೆಸರೂ ಇಲ್ಲ. 2 ಅರಸುಗಳು 20:20ರ ಆಧಾರದಿಂದ ಹಿಜ್ಕೀಯನದೆಂದು ಹೆಚ್ಚಿನವರು ಒಪ್ಪುತ್ತಾರೆ, ಕೆಲವರು ಕಾಲವನ್ನು ಹಿಂದೆ ಮುಂದೆ ಮಾಡುತ್ತಾರೆ. ಚಿತ್ರದ ಕೆಳಗೆ ‘ಹಿಜ್ಕೀಯನದೆಂದು ಹೇಳಲಾಗುವ ಸುರಂಗ’ ಎಂದು ಬರೆದರೆ ಸಾಕು.